ಬೊಳ್ಳುವಿನ ಭಾನುವಾರ

ನಮ್ಮ ಪಾಠದಲ್ಲಿ ವಸಂತ ಋತು ಎಂದರೆ ಮರಗಿಡಗಳು ಚಿಗುರುವ ಕಾಲ, ಕೋಗಿಲೆ ಹಾಡುವ ಕಾಲ, ಎಲ್ಲರ ಮನಸ್ಸಿಗೂ ಸಂತೋಷ ಕೊಡುವ ಕಾಲ ಎಂದು ಉಂಟು. ಪರೀಕ್ಷೆಯಲ್ಲಿ ನಾನೂ ಹಾಗೆಯೇ ಬರೆಯುತ್ತೇನೆ. ಆದರೆ ನಮ್ಮ ಊರಿನಲ್ಲಿ ವಸಂತ ಬಂದದ್ದು ಗೊತ್ತಾಗುವುದು ಕೋಗಿಲೆಯಿಂದಲ್ಲ, ಸೆಕೆಯಿಂದ. ಅಜ್ಜಿ ಇದಕ್ಕೆ ಸುಗ್ಗಿ ತಿಂಗಳು ಎನ್ನುತ್ತಾರೆ. ಗೇರುಹಣ್ಣಿನ ವಾಸನೆ, ಉಪ್ಪಿಗೆ ಹಾಕಿದ ಮಾವಿನ ಮಿಡಿಯ ವಾಸನೆ, ಬಾವಿಯಲ್ಲಿ ನೀರು ಕೆಳಗೆ ಹೋಗಿ ಹಗ್ಗ ಸಾಲದೆ ಬರುವುದು, ಇದೇ ನಮ್ಮ ವಸಂತ. ಇನ್ನೊಂದು ಲಕ್ಷಣವೂ ಉಂಟು. ಸೋಮವಾರ ಬೆಳಿಗ್ಗೆ ಪ್ರಾರ್ಥನೆಗೆ ಮೊದಲು "ನಿನ್ನೆ ನೀವು ಎಲ್ಲಿಗೆ ಹೋದದ್ದು?" ಎಂಬ ಪ್ರಶ್ನೆ ಶುರುವಾಗುತ್ತದೆ. ಒಬ್ಬರದ್ದು ಪಣಂಬೂರು ಬೀಚು, ಒಬ್ಬರದ್ದು ಪಿಲಿಕುಳ, ಇನ್ನೊಬ್ಬರದ್ದು ಮಾಲಿನಲ್ಲಿ ತಾನಾಗಿಯೇ ಮೇಲೆ ಹೋಗುವ ಮೆಟ್ಟಿಲು. ಎಲ್ಲಿಗೂ ಹೋಗದವರು ಚಪ್ಪಲಿ ಸರಿ ಮಾಡುವ ಹಾಗೆ ಬಗ್ಗುತ್ತಾರೆ. ನಾನೂ ತುಂಬ ಸಲ ಬಗ್ಗಿದ್ದೇನೆ.

ತಿರುಗಾಟ ಬೇಡ ಎಂದು ನಾನು ಹೇಳುವುದಿಲ್ಲ. ನಾನು ಬರೆಯುವುದು ನಾವೆಲ್ಲ ಹೋದ ಮೇಲೆ ಮನೆಯಲ್ಲಿ ಉಳಿಯುವ ನಾಯಿಯ ವಿಷಯ. "ನಾಯಿಯ ವಿಷಯಕ್ಕೆ ಗೋಡೆ ಪತ್ರಿಕೆಯಲ್ಲಿ ಜಾಗ ಯಾಕೆ?" ಎಂದು ನಮ್ಮ ತರಗತಿಯ ಒಬ್ಬನು ಈಗಾಗಲೇ ಕೇಳಿದ. ಪೂರ್ತಿ ಓದಿ ಮತ್ತೆ ಹೇಳು ಎಂದಿದ್ದೇನೆ.

ನಮ್ಮ ನಾಯಿಯ ಹೆಸರು ಬೊಳ್ಳು. ಬೊಳ್ಳು ಎಂದರೆ ಬಿಳಿ ಇರಬೇಕು, ಆದರೆ ಅವನ ಬಣ್ಣ ಗೋಳಿಬಜೆಯ ಬಣ್ಣ. ಎದೆಯಲ್ಲಿ ಮಾತ್ರ ಒಂದು ಬಿಳಿ ಮಚ್ಚೆ ಉಂಟು. ಶಾಲೆಗೆ ಹೊರಟರೆ ತೋಡಿನ ಸಂಕದವರೆಗೆ ಬಂದು ಕೂರುತ್ತಾನೆ. ಸಂಕ ದಾಟುವುದಿಲ್ಲ. ಕಳೆದ ವರ್ಷ ಬೈಕುಗಳ ಹಿಂದೆ ಓಡಲು ಶುರು ಮಾಡಿದ ಮೇಲೆ ಅಪ್ಪ ಸರಪಳಿ ತಂದರು. ಈಗ ಹಗಲು ಹೆಚ್ಚಾಗಿ ಕಟ್ಟಿಯೇ ಇರುತ್ತಾನೆ.

ಮೊನ್ನೆ ಭಾನುವಾರ ನಾವು ಮಂಗಳೂರಿಗೆ ಹೋದೆವು. ಅಪ್ಪ, ಅಮ್ಮ, ಅಜ್ಜಿ, ತಮ್ಮ ಮತ್ತು ನಾನು. ಐದು ಜನ ಒಟ್ಟಿಗೆ ಹೋಗುವುದು ನಮ್ಮ ಮನೆಯಲ್ಲಿ ಸಣ್ಣ ವಿಷಯ ಅಲ್ಲ. 2023 ಜೂನ್ 11ರಿಂದ ಸರಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೇಟಿಗೆ ಹಣ ಇಲ್ಲ ಎಂದು ಎಲ್ಲರಿಗೂ ಗೊತ್ತು. ಆದರೆ ನಮ್ಮ ಒಳದಾರಿಗೆ ಬರುವುದು ಖಾಸಗಿ ಬಸ್ಸು. ಅಜ್ಜಿಗೂ ಟಿಕೇಟು, ಅಮ್ಮನಿಗೂ ಟಿಕೇಟು. ನನಗೆ ಈ ವರ್ಷ ಹದಿಮೂರು ತುಂಬಿದ್ದರಿಂದ ನನಗೂ ಫುಲ್ ಟಿಕೇಟು. "ಸ್ವಲ್ಪ ಕುಗ್ಗಿ ಕೂತುಕೋ" ಎಂದು ಅಜ್ಜಿ ಕಿವಿಯಲ್ಲಿ ಹೇಳಿದರು. ಕಂಡಕ್ಟರ್ ನಕ್ಕು "ಕುಗ್ಗುವುದು ಬೇಡ ಅಜ್ಜಿ, ನಾನು ಇವಳನ್ನು ದಿನಾ ನೋಡುತ್ತೇನೆ" ಎಂದರು. ಇಡೀ ಬಸ್ಸು ನಗಾಡಿತು. ನನಗೆ ಮುಖ ಎಲ್ಲಿ ಇಡುವುದು ಎಂದು ಗೊತ್ತಾಗಲಿಲ್ಲ.

ಗುರುಪುರ ಸೇತುವೆ ದಾಟಿ, ವಾಮಂಜೂರು, ಕುಲಶೇಖರ, ನಂತೂರು, ಹಂಪನಕಟ್ಟೆ ಎಂದು ಸ್ಟೇಟ್‌ಬ್ಯಾಂಕಿಗೆ ತಲುಪಿದೆವು. ಅಲ್ಲಿಂದ ಇನ್ನೊಂದು ಬಸ್ಸಿನಲ್ಲಿ ಸುಲ್ತಾನ್ ಬತ್ತೇರಿಗೆ. ತಮ್ಮ ಅದನ್ನು ಟಾರ್ಚಿನ ಬ್ಯಾಟರಿ ಎಂದು ತಿಳಿದಿದ್ದ. ಅದು ಕಪ್ಪು ಕಲ್ಲಿನ ಸಣ್ಣ ಕೋಟೆಯ ಹಾಗೆ ಉಂಟು. ಹೊಳೆಯ ದಾರಿಯಾಗಿ ಯುದ್ಧದ ಹಡಗುಗಳು ಒಳಗೆ ಬಾರದಂತೆ ಕಾಯಲು 1784ರಲ್ಲಿ ಟಿಪ್ಪು ಸುಲ್ತಾನ್ ಕಟ್ಟಿಸಿದ್ದು. ಗೋಡೆಯಲ್ಲಿ ಫಿರಂಗಿ ಇಡಲು ಕಂಡಿಗಳಿವೆ, ಕೆಳಗೆ ಮದ್ದುಗುಂಡು ಇಡುವ ಕೋಣೆ. ತಮ್ಮ ಒಂದು ಕಂಡಿಯಲ್ಲಿ ತಲೆ ಹಾಕಿ "ಡುಂ" ಎಂದ. ಅಷ್ಟೇ, ಅವನ ಇತಿಹಾಸ ಮುಗಿಯಿತು.

ಅಲ್ಲಿಂದ ದೋಣಿಯಲ್ಲಿ ಆಚೆ ದಡಕ್ಕೆ ಹೋದರೆ ತಣ್ಣೀರುಬಾವಿ. ಆ ಹೊಳೆ ಯಾವುದು ಗೊತ್ತುಂಟಾ? ನಾವು ಬೆಳಿಗ್ಗೆ ಬಸ್ಸಿನಲ್ಲಿ ದಾಟಿದ ಗುರುಪುರ ಹೊಳೆಯೇ. ಫಲ್ಗುಣಿ ಎಂದೂ ಹೇಳುತ್ತಾರೆ. ಒಂದೇ ದಿನ ಒಂದೇ ಹೊಳೆಯನ್ನು ಎರಡು ಸಲ ದಾಟಿದೆವು, ಒಮ್ಮೆ ಸೇತುವೆಯಲ್ಲಿ, ಒಮ್ಮೆ ದೋಣಿಯಲ್ಲಿ. ಭೂಪಟದಲ್ಲಿ ನೀಲಿ ಗೆರೆ ನೋಡುವಾಗ ಇದು ಗೊತ್ತಾಗುವುದಿಲ್ಲ. ಅಜ್ಜಿ ದೋಣಿ ಹತ್ತುವಾಗ ಅಪ್ಪನ ಕೈಯನ್ನು ಎಷ್ಟು ಗಟ್ಟಿ ಹಿಡಿದಿದ್ದರೆಂದರೆ ಇಳಿದ ಮೇಲೂ ಬಿಡಲಿಲ್ಲ. ಸಮುದ್ರ ಕಂಡ ಕೂಡಲೇ ಕೈಮುಗಿದು, ನೀರು ಮುಟ್ಟಿ ತಲೆಗೆ ಚಿಮುಕಿಸಿಕೊಂಡರು. ದೂರದಲ್ಲಿ ಹಡಗುಗಳು ನಿಂತಿದ್ದವು, ಪಣಂಬೂರಿನ ಬಂದರಿಗೆ ಹೋಗಲು ಕಾಯುವುದು ಎಂದು ಅಪ್ಪ ಹೇಳಿದರು. ನಾವು ಬುತ್ತಿ ಬಿಚ್ಚಿ ಗಾಳಿಮರದ ಕೆಳಗೆ ಊಟ ಮಾಡಿದೆವು. ಚರುಮುರಿ ತಿಂದೆವು, ಬೊಂಡ ಕುಡಿದೆವು. ಅಲ್ಲಿ ಮರಳಿನಲ್ಲಿ ಒಂದು ಬಡಕಲು ನಾಯಿ ನಾಲಿಗೆ ಹಾಕಿ ಮಲಗಿತ್ತು. ನಾನು ಒಡೆದ ಬೊಂಡದ ತುಂಡಿನಲ್ಲಿ ನೀರು ಹಾಕಿ ಅದರ ಎದುರು ಇಟ್ಟೆ. "ಗೊತ್ತಿಲ್ಲದ ನಾಯಿಯ ಹತ್ತಿರ ಹೋಗಬೇಡ" ಎಂದು ಅಮ್ಮ ಜೋರು ಮಾಡಿದರು. ಆದರೂ ಅದು ಕುಡಿದದ್ದು ನೋಡಿ ನನಗೆ ಖುಷಿಯಾಯಿತು. ಆಗ ಗಂಟೆ ಎರಡೂವರೆ.

ಸಂಜೆ ಆರೂಕಾಲಿಗೆ ಮನೆಗೆ ಬಂದರೆ ಬೊಳ್ಳು ಇಲ್ಲ. ಸರಪಳಿಯೂ ಇಲ್ಲ. ಪಕ್ಕದ ಮನೆಯ ಹಟ್ಟಿಯ ಕಡೆಯಿಂದ ಸಣ್ಣಗೆ ಒಂದು ಕುಂಯ್ ಕೇಳಿತು. ನೋಡಿದರೆ ಅಲ್ಲಿ ಒದ್ದೆ ಗೋಣಿಯ ಮೇಲೆ ಮಲಗಿದ್ದಾನೆ. ಅದು ನನ್ನ ಗೆಳತಿಯ ಮನೆ. ಗೆಳತಿ ಎಂದೆ, ಆದರೆ ಆಗ ಅವಳ ಹತ್ತಿರ ನಾನು ಟೂ ಬಿಟ್ಟು ಹದಿನೈದು ದಿನ ಆಗಿತ್ತು. ಕಾರಣ ಇಲ್ಲಿ ಬರೆಯುವುದಿಲ್ಲ, ಅವಳೂ ಇದನ್ನು ಓದುತ್ತಾಳೆ. ನಾನು ಸೀದಾ ಹೋಗಿ "ನಮ್ಮ ನಾಯಿಯನ್ನು ಬಿಡಿಸಲಿಕ್ಕೆ ನಿನಗೆ ಯಾರು ಹೇಳಿದ್ದು?" ಎಂದು ಕೇಳಿದೆ. ಅವಳು ಎಂತದ್ದೂ ಹೇಳಲಿಲ್ಲ. ನಮ್ಮ ಅಂಗಳದ ಕಡೆಗೆ ಕೈ ತೋರಿಸಿದಳು. ನಾನು ಬೆಳಿಗ್ಗೆ ತುಂಬ ನೀರು ತುಂಬಿಸಿಟ್ಟಿದ್ದ ಪ್ಲಾಸ್ಟಿಕ್ ಬೋಗುಣಿ ಕವುಚಿ ಬಿದ್ದಿತ್ತು. ಅದರ ಸುತ್ತ ಮಣ್ಣನ್ನು ಉಗುರಿನಲ್ಲಿ ಕೆರೆದ ಗುರುತು.

ಬೊಳ್ಳುವನ್ನು ಕಟ್ಟಿದ್ದು ನಾನೇ. ಬೆಳಿಗ್ಗೆ ಏಳು ಗಂಟೆಗೆ ಮನೆಯ ಪಡುವಣ ಬದಿಯಲ್ಲಿ ಒಳ್ಳೆಯ ನೆರಳು ಇತ್ತು, ಅಲ್ಲಿ ಕಟ್ಟಿದೆ. ಸೂರ್ಯ ಮೂಡಣದಲ್ಲಿ ಇದ್ದರೆ ನೆರಳು ಪಡುವಣಕ್ಕೆ, ಮಧ್ಯಾಹ್ನ ಕಳೆದರೆ ನೆರಳು ಮೂಡಣಕ್ಕೆ. ಈ ಪ್ರಶ್ನೆಗೆ ನನಗೆ ಪೂರ್ತಿ ಮಾರ್ಕು ಸಿಕ್ಕಿದೆ. ಆದರೆ ಕಟ್ಟುವಾಗ ನೆನಪಾಗಲಿಲ್ಲ. ಹನ್ನೆರಡರ ಮೇಲೆ ಅಲ್ಲಿ ಒಂದು ಬೆರಳಿನಷ್ಟೂ ನೆರಳು ಇಲ್ಲ. ಸರಪಳಿ ತಾಗಿ ನೀರು ಚೆಲ್ಲಿದೆ. ಅವನು ಕೂಗಿದ್ದಾನೆ. ದಾರಿಯಲ್ಲಿ ಹೋದವರು "ನಾಯಿ ಬೊಗಳುವುದಲ್ವಾ" ಎಂದು ಹೋಗಿದ್ದಾರೆ. ಆಮೇಲೆ ಅವನು ಕೂಗುವುದು ನಿಲ್ಲಿಸಿದ. ಕೂಗು ನಿಂತದ್ದರಿಂದ ನನ್ನ ಗೆಳತಿಗೆ ಸಂಶಯ ಬಂದದ್ದಂತೆ. ಅವಳಿಗೆ ಬೊಳ್ಳು ಎಂದರೆ ಹೆದರಿಕೆ. ಬೇಲಿಯಿಂದಲೇ ಮೊದಲು ನೀರು ಎರಚಿ, ಮತ್ತೆ ಹತ್ತಿರ ಬಂದು ಸರಪಳಿ ಬಿಚ್ಚಿ ಎಳೆದುಕೊಂಡು ಹೋಗಿದ್ದಾಳೆ. ಅದು ಎರಡೂವರೆ ಗಂಟೆಗೆ ಎಂದು ಅವಳ ಅಮ್ಮ ಹೇಳಿದರು. ನಾನು ತಣ್ಣೀರುಬಾವಿಯಲ್ಲಿ ಬೇರೆ ನಾಯಿಗೆ ನೀರು ಇಡುತ್ತಿದ್ದ ಹೊತ್ತು.

ಮರುದಿನ ವಿಜ್ಞಾನದ ಟೀಚರ್ ಹತ್ತಿರ ಕೇಳಿದೆ. ನಮ್ಮ ಹಾಗೆ ನಾಯಿಗೆ ಮೈಯೆಲ್ಲ ಬೆವರುವುದಿಲ್ಲ, ಪಾದದ ಅಡಿಯಲ್ಲಿ ಮಾತ್ರ ಸ್ವಲ್ಪ. ಅದು ಮೈ ತಂಪು ಮಾಡುವುದು ನಾಲಿಗೆ ಹೊರಗೆ ಹಾಕಿ ಏದುಸಿರು ಬಿಡುವುದರಿಂದ. ನಾಲಿಗೆ ಮತ್ತು ಬಾಯಿಯ ನೀರು ಆವಿಯಾದಾಗ ಮೈಯ ಬಿಸಿ ಇಳಿಯುತ್ತದೆ. ನಮ್ಮ ಕಡಲ ಬದಿಯ ಗಾಳಿಯಲ್ಲಿ ಮೊದಲೇ ನೀರಿನ ಅಂಶ ಹೆಚ್ಚು, ಬಟ್ಟೆ ಒಣಗುವುದೇ ನಿಧಾನ. ಹಾಗಿರುವಾಗ ನಾಲಿಗೆ ಎಷ್ಟು ಕೆಲಸ ಮಾಡೀತು? ಅದರ ಮೇಲೆ ಕುಡಿಯಲಿಕ್ಕೂ ನೀರಿಲ್ಲದಿದ್ದರೆ ನಾಯಿ ಕೆಲವೇ ಗಂಟೆಗಳಲ್ಲಿ ಸಾಯಲೂಬಹುದು ಎಂದು ಟೀಚರ್ ಹೇಳಿದರು.

ಆಗ ಅವರು ಲೈಕಾಳ ಕಥೆ ಹೇಳಿದರು. ಭೂಮಿಯನ್ನು ಸುತ್ತಿದ ಮೊದಲ ಪ್ರಾಣಿ ಒಂದು ನಾಯಿ, ಮಾಸ್ಕೋದ ಬೀದಿಯಲ್ಲಿ ಸಿಕ್ಕಿದ್ದು. 1957 ನವೆಂಬರ್ 3ರಂದು ಸೋವಿಯತ್ ದೇಶದವರು ಸ್ಪುಟ್ನಿಕ್ 2ರಲ್ಲಿ ಅದನ್ನು ಕಳುಹಿಸಿದರು. ಹಿಂದೆ ತರುವ ಏರ್ಪಾಡು ಮಾಡಿರಲೇ ಇಲ್ಲ. ಅದು ಕೆಲವು ದಿನ ಬದುಕಿತ್ತು ಎಂದೇ ತುಂಬ ವರ್ಷ ಎಲ್ಲರೂ ತಿಳಿದಿದ್ದರು. ಆದರೆ ಅದು ಹೋದ ಕೆಲವೇ ಗಂಟೆಗಳಲ್ಲಿ ಸೆಕೆಗೆ ಸತ್ತಿತ್ತು ಎಂದು 2002ರಲ್ಲಿ ರಷ್ಯದ ವಿಜ್ಞಾನಿಯೊಬ್ಬರು ತಿಳಿಸಿದರು. ಇದನ್ನು ಕೇಳಿದ ಮೇಲೆ ನನಗೆ ಆ ಕವುಚಿದ ಬೋಗುಣಿಯೇ ಕಣ್ಣೆದುರು ಬಂತು. ಆ ರಾಕೆಟಿನವರಿಗಾದರೂ ಏನೋ ದೊಡ್ಡ ಕೆಲಸ ಇತ್ತು. ನನಗೆ ಇದ್ದದ್ದು ಏಳೂಕಾಲರ ಬಸ್ಸಿನ ಅವಸರ.

ಈಗ ಜಗಳದ ಮಾತಿಗೆ ಬರುತ್ತೇನೆ. "ನಾಯಿ ಇರುವುದೇ ಮನೆ ಕಾಯಲಿಕ್ಕೆ, ನಾವು ಇಲ್ಲದಾಗಲೇ ಅದು ಬೇಕಾದದ್ದು" ಎಂದು ನನ್ನ ಮಾವ ಹೇಳುತ್ತಾರೆ. ಕಟ್ಟಿದ ನಾಯಿ ಕಳ್ಳನನ್ನು ಓಡಿಸುವುದು ಹೇಗೆ ಮಾವ? ಅದು ಬೊಗಳಬಹುದು ಅಷ್ಟೆ, ಬೊಗಳಲಿಕ್ಕೂ ಗಂಟಲಲ್ಲಿ ಪಸೆ ಬೇಕು. ಇನ್ನು ಕೆಲವರು "ಹಾಗಾದರೆ ಬಿಟ್ಟೇ ಹೋಗುವುದಾ? ಕೋಳಿ ಹಿಡಿದರೆ ಹಣ ನೀನು ಕೊಡುತ್ತೀಯಾ?" ಎಂದು ಕೇಳಿದರು. ಈ ಮಾತು ಸರಿ, ನಾನು ಒಪ್ಪುತ್ತೇನೆ. ನಮ್ಮವನು ಬೈಕಿನ ಹಿಂದೆ ಓಡಿ ಒಬ್ಬರು ಬಿದ್ದದ್ದೂ ಉಂಟು. ಬಿಟ್ಟು ಹೋಗಿ ಎಂದು ನಾನು ಹೇಳುವುದಿಲ್ಲ. ಕಟ್ಟುವುದಾದರೆ ಬೆಳಗ್ಗಿನ ನೆರಳು ನೋಡಿ ಕಟ್ಟಬೇಡಿ, ಮೂರು ಗಂಟೆಯ ನೆರಳು ಎಲ್ಲಿ ಬೀಳುತ್ತದೆ ಎಂದು ಹಿಂದಿನ ದಿನವೇ ನೋಡಿಟ್ಟುಕೊಳ್ಳಿ. ನೀರನ್ನು ಕವುಚದ ಪಾತ್ರೆಯಲ್ಲಿ ಇಡಿ. ನಮ್ಮಲ್ಲಿ ದನ ಇದ್ದಾಗ ಅಕ್ಕಚ್ಚು ಹಾಕುತ್ತಿದ್ದ ಕಲ್ಲಿನ ಮರಿಗೆ ಒಂದು ಹಟ್ಟಿಯ ಹಿಂದೆ ಬಿದ್ದಿತ್ತು. ಅಜ್ಜಿ ಅದನ್ನು ತೋರಿಸಿದರು. ಅಪ್ಪ ಮತ್ತು ನಾನು ಉರುಳಿಸಿ ತಂದೆವು. ಬೊಳ್ಳು ಅಲ್ಲ, ಎಮ್ಮೆ ಬಂದು ನೂಕಿದರೂ ಅದು ಅಲುಗುವುದಿಲ್ಲ.

ಆದರೆ ಮರಿಗೆಗಿಂತ ಮುಖ್ಯ ಒಬ್ಬರಿಗೆ ಹೇಳಿ ಹೋಗುವುದು. ಹೇಳಿ ಹೋಗಿದ್ದರೆ ಅವಳು ಹನ್ನೆರಡು ಗಂಟೆಗೇ ಬರುತ್ತಿದ್ದಳು. ಟೂ ಬಿಟ್ಟಿದ್ದೇನೆ, ಹೇಗೆ ಹೇಳುವುದು ಎಂದು ನಾನು ಹೇಳಲಿಲ್ಲ. ನನ್ನ ಸಿಟ್ಟಿನ ಪೆಟ್ಟು ಬೊಳ್ಳುವಿಗೆ ಬಿತ್ತು. ನಮ್ಮ ತರಗತಿಯಲ್ಲಿ ನಾಯಿ ಇರುವ ಮನೆಗಳನ್ನು ಎಣಿಸಿದೆ, ಹನ್ನೊಂದು. ಎಲ್ಲರೂ ಹತ್ತಿರ ಹತ್ತಿರವೇ ಇದ್ದೇವೆ. ಈ ಪತ್ರಿಕೆಯ ಪಕ್ಕದಲ್ಲಿ ಒಂದು ಖಾಲಿ ಹಾಳೆ ಅಂಟಿಸಲು ಹೆಡ್‌ಮಾಷ್ಟ್ರು ಒಪ್ಪಿದ್ದಾರೆ. ಶನಿವಾರ ಮಧ್ಯಾಹ್ನದ ಒಳಗೆ ನಾಳೆ ಹೋಗುವವರು ಒಂದು ಬದಿಯಲ್ಲಿ, ಮನೆಯಲ್ಲೇ ಇರುವವರು ಇನ್ನೊಂದು ಬದಿಯಲ್ಲಿ ಹೆಸರು ಬರೆಯಬೇಕು ಎಂದು ನನ್ನ ಅಭಿಪ್ರಾಯ. ಹಾಗೆ ಮಾಡಿದರೆ ಎಲ್ಲಿಗೂ ಹೋಗದವರಿಗೂ ಸೋಮವಾರ ಹೇಳಲಿಕ್ಕೆ ಒಂದು ವಿಷಯ ಇರುತ್ತದೆ.

ಒಂದು ಎಚ್ಚರಿಕೆಯ ಮಾತು, ಇದನ್ನು ಬರೆಯದಿದ್ದರೆ ಹಾಳೆಗೆ ಒಪ್ಪಿಗೆ ಇಲ್ಲ ಎಂದು ಟೀಚರ್ ಹೇಳಿದ್ದಾರೆ. ಹುಚ್ಚುನಾಯಿ ರೋಗದ ಚುಚ್ಚುಮದ್ದು ಹಾಕಿಸಿದ ನಾಯಿಯ ಹೆಸರು ಮಾತ್ರ ಬರೆಯಬೇಕು. ಯಾವ ನಾಯಿ ಕಚ್ಚಿದರೂ, ಪರಚಿದರೂ ಸಾಬೂನು ಹಾಕಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಮನೆಯಲ್ಲಿ ಬೈಯುತ್ತಾರೆ ಎಂದು ಅಡಗಿಸಿಡಬಾರದು. 1885ರಲ್ಲಿ ಲೂಯಿ ಪಾಶ್ಚರ್ ಈ ಮದ್ದನ್ನು ಮೊದಲು ಕೊಟ್ಟದ್ದು ನಾಯಿ ಕಚ್ಚಿದ ಒಂಬತ್ತು ವರ್ಷದ ಹುಡುಗನಿಗೆ, ನಮಗಿಂತ ಸಣ್ಣವನು. ಅವನು ಬದುಕಿದ. ಬೊಳ್ಳುವಿಗೆ ಚುಚ್ಚುಮದ್ದು ಆಗಿದೆ.

ಬೊಳ್ಳು ಎರಡು ದಿನ ಅನ್ನ ಮುಟ್ಟಲಿಲ್ಲ. ಮೂರನೆಯ ದಿನ ಗಂಜಿ ಕುಡಿದ. ಈಗ ಪುನಃ ಸಂಕದವರೆಗೆ ಬರುತ್ತಾನೆ, ಆದರೆ ಸರಪಳಿಯ ಶಬ್ದ ಕೇಳಿದರೆ ಹಟ್ಟಿಯ ಹಿಂದೆ ಹೋಗಿ ನಿಲ್ಲುತ್ತಾನೆ. ನಾನು ಕರೆದರೆ ಬರುವುದಿಲ್ಲ, ತಮ್ಮ ಕರೆದರೆ ಬರುತ್ತಾನೆ.

ಗೆಳತಿಯ ಹತ್ತಿರ ಈಗ ಮಾತಾಡುತ್ತೇನೆ. ಆದರೆ ಒಂದು ತೊಂದರೆ ಬಂದಿದೆ. ಬಿಸುವಿನ ದಿನ ನಾವು ಮಾವನ ಮನೆಗೆ ಹೋಗುತ್ತೇವೆ, ಅವರೂ ಅದೇ ದಿನ ಅವಳ ಅಜ್ಜನ ಮನೆಗೆ ಹೋಗುತ್ತಾರೆ. ಹಾಗಾಗಿ ಹಾಳೆಯಲ್ಲಿ ಮೊದಲ ಹೆಸರು ನಮ್ಮದೇ ಇರುತ್ತದೆ. ಆ ದಿನ ಊರಿನಲ್ಲೇ ಇರುವವರು ಯಾರಾದರೂ ಇದ್ದರೆ ದಯವಿಟ್ಟು ನನಗೆ ಹೇಳಿ. ನೀರು ಮರಿಗೆಯಲ್ಲಿ ನಾವೇ ತುಂಬಿಸಿಟ್ಟು ಹೋಗುತ್ತೇವೆ, ನೀವು ಮಧ್ಯಾಹ್ನ ಒಮ್ಮೆ ಬಂದು ನೋಡಿದರೆ ಸಾಕು. ಅವನು ಬೊಗಳುತ್ತಾನೆ, ಕಚ್ಚುವುದಿಲ್ಲ. ಬರುವಾಗ "ಬೊಳ್ಳೂ" ಎಂದು ದೂರದಿಂದಲೇ ಒಮ್ಮೆ ಕರೆಯಿರಿ.