ಟಿ.ಎಂ.ಸಿ. ಲೆಕ್ಕವೊಂದೇ ಸಾಲದು

ಅರಸೀಕೆರೆ ತಾಲ್ಲೂಕಿನ ಹಳ್ಳಿಗಳಲ್ಲಿ ಮಕ್ಕಳು ನಕ್ಕಾಗ ಹಲ್ಲಿನ ಮೇಲೆ ಕಂದು ಕಲೆ ಕಾಣುವುದು ಹೊಸದಲ್ಲ. ಅದು ಕೊಳವೆ ಬಾವಿಯ ಫ್ಲೋರೈಡಿನ ಕೆಲಸ. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಸಿಗದಿದ್ದರೆ 1.5ರವರೆಗೆ ಇರಬಹುದು ಎಂದು ಭಾರತೀಯ ಮಾನಕ ಸಂಸ್ಥೆ ಗೆರೆ ಎಳೆದಿದೆ. ನೀರು ಬಂಡೆಯ ಬಿರುಕಿನಲ್ಲಿ ವರ್ಷಗಟ್ಟಲೆ ಕುಳಿತಷ್ಟೂ ಕಲ್ಲಿನ ಫ್ಲೋರೈಡು ಅದಕ್ಕಿಳಿಯುತ್ತದೆ. ಕುದಿಸಿದರೆ ಹೋಗುವಂಥದಲ್ಲ, ಕುದಿಸಿದಷ್ಟೂ ನೀರು ಆವಿಯಾಗಿ, ಉಳಿದದ್ದರಲ್ಲಿ ಅದರ ಪ್ರಮಾಣ ಏರುತ್ತದೆ. ಶುದ್ಧ ನೀರಿನ ಘಟಕ ಕೆಟ್ಟು ನಿಂತ ದಿನ ಕೈಯಲ್ಲಿ ಕಾಸಿದ್ದವನು ಕ್ಯಾನು ತರಿಸುತ್ತಾನೆ. ಎಣ್ಣೆ ಗಿರಣಿಯ ಹಮಾಲ ಬಾವಿಯ ನೀರನ್ನೇ ಕುಡಿಯುತ್ತಾನೆ.

ಆದ್ದರಿಂದ ನಮ್ಮ ಬಯಲುಸೀಮೆಯ ಜನ ಮಲೆನಾಡಿನತ್ತ ಮುಖಮಾಡಿ ಕುಳಿತಿರುವುದು ನ್ಯಾಯವೇ. ಹಳೇಬೀಡಿನ ದ್ವಾರಸಮುದ್ರ ಕೆರೆಗೆ ಯಗಚಿಯ ನೀರು ಬರಲೆಂದು ರೈತರು ಬೀದಿಗಿಳಿದು ಹೋರಾಡಿದ್ದಾರೆ. ಸಕಲೇಶಪುರದ ಘಟ್ಟದಿಂದ 24.01 ಟಿ.ಎಂ.ಸಿ. ನೀರೆತ್ತುವ ಎತ್ತಿನಹೊಳೆ ಯೋಜನೆಯ ಮೊದಲ ಹಂತದ ಪಂಪುಗಳು 2024ರ ಸೆಪ್ಟೆಂಬರ್ 6ರಂದು ಚಾಲೂ ಆದವು. ನೀರಿನ ಮಾತು ಬಂದಾಗ ಕೊಡುವವರೂ ಕೇಳುವವರೂ ಟಿ.ಎಂ.ಸಿ.ಯಲ್ಲಿಯೇ ಮಾತನಾಡುತ್ತೇವೆ. ಆ ನೀರಿನೊಳಗೆ ಏನಿದೆ ಎಂದು ಕೇಳುವುದನ್ನು ಮರೆತಿದ್ದೇವೆ. ಈ ಮರೆವಿನಲ್ಲಿ ನಮ್ಮ ಪಾಲೂ ಉಂಟು.

ಯಗಚಿ ಹುಟ್ಟುವುದು ಬಾಬಾಬುಡನ್ ಗಿರಿಶ್ರೇಣಿಯಲ್ಲಿ; ಹೇಮಾವತಿ, ಮೂಡಿಗೆರೆ ತಾಲ್ಲೂಕಿನ ಬಲ್ಲಾಳರಾಯನ ದುರ್ಗದ ಬಳಿ. ಅಲ್ಲಿಯ ನೀರಿಗೆ ಕಲ್ಲಿನ ಸಹವಾಸ ಕಡಿಮೆ, ಆದ್ದರಿಂದ ಲವಣವೂ ಕಡಿಮೆ. ತಣ್ಣಗಿರುವುದರಿಂದ, ಬಂಡೆಯಿಂದ ಬಂಡೆಗೆ ಧುಮುಕುವುದರಿಂದ ಅದರಲ್ಲಿ ಪ್ರಾಣವಾಯು ತುಂಬಿರುತ್ತದೆ. ಸಾಬೂನು ಹಚ್ಚಿದರೆ ಬೇಗ ನೊರೆ ಬರುವ ಮೆದು ನೀರು ಅದು. ಅದರ ಬಲಹೀನತೆಯೂ ಅಲ್ಲಿಯೇ ಇದೆ. ಗಡಸು ನೀರಿನಲ್ಲಿ ಹುಳಿಯನ್ನು ಮುರಿಯುವ ಸುಣ್ಣದಂಶವಿರುತ್ತದೆ. ಬೆಟ್ಟದ ನೀರಿನಲ್ಲಿ ಅದು ಅಲ್ಪ. ಸ್ವಲ್ಪ ಹುಳಿ ಬಿದ್ದರೂ ಹಳ್ಳ ಕೆಡುತ್ತದೆ.

ಹುಳಿ ಬೀಳುವುದು ಕಾಫಿಯಿಂದ. ಹಣ್ಣಿನ ಸಿಪ್ಪೆ ಬಿಡಿಸಿ ಬೀಜದ ಲೋಳೆ ತೊಳೆದ ಪಲ್ಪಿಂಗ್ ನೀರಿನಲ್ಲಿ ಸಕ್ಕರೆ, ಪೆಕ್ಟಿನ್ ಇರುತ್ತವೆ. ಅದು ಹುದುಗಿ ಹುಳಿಯಾಗುತ್ತದೆ; ಹಳ್ಳಕ್ಕೆ ಬಿಟ್ಟರೆ ಕೊಳೆಯುತ್ತ ಅಲ್ಲಿಯ ಪ್ರಾಣವಾಯುವನ್ನು ತಿನ್ನುತ್ತದೆ. ಈ ತಿನ್ನುವಿಕೆಯನ್ನು ಬಿ.ಓ.ಡಿ. ಎಂಬ ಅಳತೆಯಿಂದ ಅಳೆಯುತ್ತಾರೆ. ಹೊಳೆಗೆ ಬಿಡುವ ತ್ಯಾಜ್ಯದಲ್ಲಿ ಅದು ಲೀಟರಿಗೆ 30 ಮಿಲಿಗ್ರಾಂ ಮೀರಬಾರದೆಂಬುದು ಸಾಮಾನ್ಯ ನಿಯಮ. ಸಂಸ್ಕರಿಸದ ಪಲ್ಪಿಂಗ್ ನೀರಿನಲ್ಲಿ ಅದು ಸಾವಿರಗಳಲ್ಲಿರುತ್ತದೆ. ಕೊಯ್ಲಿನ ಭರಾಟೆಯೋ ಡಿಸೆಂಬರ್, ಜನವರಿಯಲ್ಲಿ, ಮಳೆ ನಿಂತು ಹಳ್ಳಗಳು ಸೊರಗಿದ ಹೊತ್ತಿನಲ್ಲಿ. ಹೀಗೆ ಬಿಟ್ಟ ಕಡೆ ನೀರು ಕಪ್ಪಾಗಿ ನಾರುತ್ತದೆ, ಮೀನು ಸಾಯುತ್ತದೆ. ಹಣ್ಣನ್ನು ಕಣದಲ್ಲಿ ಒಣಗಿಸಿ ಚೆರ್ರಿ ಮಾರುವ ಸಣ್ಣ ಬೆಳೆಗಾರನನ್ನು ನಾವು ದೂರುತ್ತಿಲ್ಲ. ಅವನಿಗೆ ತೊಳೆಯುವ ಕೆಲಸವೇ ಇಲ್ಲ. ತೊಳೆದ ಕಾಫಿಗೆ ಬೆಲೆ ಹೆಚ್ಚು. ಆ ಲಾಭ ತೋಟದ ಧಣಿಯ ಬಳಿ ಉಳಿಯುತ್ತದೆ, ತೊಳೆದ ನೀರು ಕೆಳಗಿನವರ ಪಾಲಿಗೆ ಬರುತ್ತದೆ. ಮುಂಗಾರಿನ ಮುಂಚೆ ಗಿಡಗಳಿಗೆ ಹೊಡೆಯುವ ಬೋರ್ಡೋ ದ್ರಾವಣದ ಮೈಲುತುತ್ತವೂ ಮಳೆಯಲ್ಲಿ ಕೊಚ್ಚಿ ಬರಬಲ್ಲುದು. ಮೆದು ನೀರಿನಲ್ಲಿ ತಾಮ್ರ ಮೀನಿಗೆ ಇನ್ನಷ್ಟು ವಿಷ.

ಹರಿದು ಬರುವಷ್ಟರಲ್ಲಿ ನೀರು ತಾನೇ ತಿಳಿಯಾಗುತ್ತದೆ ಎಂಬ ಸಮಾಧಾನದ ಮಾತು ಉಂಟು. ಅರ್ಧ ನಿಜ. ಹೊಳೆ ಗಾಳಿಯಿಂದ ಪ್ರಾಣವಾಯುವನ್ನು ಮತ್ತೆ ಪಡೆಯುತ್ತದೆ, ಆದರೆ ತಾಮ್ರ ಕೊಳೆತು ಹೋಗುವುದಿಲ್ಲ, ಕೆರೆಯ ಹೂಳಿನಲ್ಲಿ ಕೂರುತ್ತದೆ. ಚಿಕ್ಕಮಗಳೂರಿನಿಂದ ಬೇಲೂರಿಗೆ ಇರುವ ದಾರಿಯಾದರೂ ಎಷ್ಟು? ಇಪ್ಪತ್ತೈದು ಕಿಲೋಮೀಟರು.

ಜಲಮಾಲಿನ್ಯ ತಡೆಯುವ ಕಾಯಿದೆ 1974ರಲ್ಲಿಯೇ ಬಂದಿದೆ. ಪಲ್ಪಿಂಗ್ ನೀರನ್ನು ತೊಟ್ಟಿಯಲ್ಲಿ ನಿಲ್ಲಿಸಿ, ಸುಣ್ಣ ಹಾಕಿ ಹುಳಿ ಮುರಿದು, ಸಂಸ್ಕರಿಸುವ ವಿದ್ಯೆಯೂ ಗೊತ್ತಿದೆ. ನಾವು ಕೇಳುವುದು ಇಷ್ಟೇ: ಕೊಯ್ಲಿನ ತಿಂಗಳುಗಳಲ್ಲಿ ವಾರಕ್ಕೊಮ್ಮೆ ಯಗಚಿ, ಹೇಮಾವತಿ, ಎತ್ತಿನಹೊಳೆಗಳ ಮೇಲ್ಭಾಗದ ನೀರನ್ನು ಪರೀಕ್ಷಿಸಲಿ. ಹುಳಿ, ಪ್ರಾಣವಾಯು, ಬಿ.ಓ.ಡಿ., ತಾಮ್ರ ಎಷ್ಟೆಂದು ಕನ್ನಡದಲ್ಲಿ ಬರೆದು ಬೇಲೂರು, ಅರಸೀಕೆರೆಯ ಪೌರ ಕಚೇರಿಗಳ ಮುಂದೆ, ಹಳೇಬೀಡಿನ ಪಂಚಾಯಿತಿಯ ಮುಂದೆ ಹಾಕಲಿ. ಪಕ್ಕದಲ್ಲಿಯೇ ಕೊಳವೆ ಬಾವಿಗಳ ಫ್ಲೋರೈಡಿನ ಅಂಕಿಯೂ ಇರಲಿ. ದಿನವೂ ಕೊಬ್ಬರಿಯ ಧಾರಣೆ ನೋಡಿಕೊಳ್ಳುವ ಊರಿನವರಿಗೆ ಈ ಅಂಕಿಗಳನ್ನು ಓದಲು ಯಾರೂ ಕಲಿಸಬೇಕಾಗಿಲ್ಲ. ಮುಂದಿನ ಕೊಯ್ಲಿಗೆ ಪಲ್ಪರುಗಳು ತಿರುಗುವ ಮೊದಲೇ ಆ ಹಲಗೆಗಳು ಗೋಡೆಗೆ ಬರಬೇಕು.