ಪಾದಚಾರಿ ಮಾರ್ಗವೂ ವ್ಯಾಪಾರದ ಬಂಡವಾಳವೇ

2022ರಲ್ಲಿ ದೇಶದ ರಸ್ತೆ ಅಪಘಾತಗಳಲ್ಲಿ 1,68,491 ಮಂದಿ ಮೃತಪಟ್ಟರೆಂದು ಕೇಂದ್ರ ಸಾರಿಗೆ ಸಚಿವಾಲಯದ ವರದಿ ತಿಳಿಸುತ್ತದೆ. ಇವರಲ್ಲಿ 32,825 ಮಂದಿ ಪಾದಚಾರಿಗಳು. ಅಂದರೆ ದಿನವೊಂದಕ್ಕೆ ಸುಮಾರು 90 ಜೀವಗಳು. ನಡೆದುಬರುವ ಗ್ರಾಹಕರನ್ನೇ ನಂಬಿರುವ ವರ್ತಕ ಸಮುದಾಯ ಈ ಅಂಕಿಯನ್ನು ಕೇವಲ ಪೊಲೀಸರ ಲೆಕ್ಕವೆಂದು ಬದಿಗಿಡುವಂತಿಲ್ಲ.

ಅಡೆತಡೆಯಿಲ್ಲದ ಪಾದಚಾರಿ ಮಾರ್ಗವು ಸಂವಿಧಾನದ 21ನೇ ವಿಧಿಯಡಿ ಬರುವ ಹಕ್ಕೆಂದು ಸರ್ವೋಚ್ಚ ನ್ಯಾಯಾಲಯ 2025ರ ಮೇ ತಿಂಗಳಲ್ಲಿ ಹೇಳಿದೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್ 2012ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯಂತೆ ನಡೆಯಲು ಕನಿಷ್ಠ 1.8 ಮೀಟರ್ ಅಗಲದ ತೆರವಾದ ಜಾಗವಿರಬೇಕು. ಅಂಚುಗಲ್ಲಿನ ಎತ್ತರ 150 ಮಿಲಿಮೀಟರ್ ಮೀರಬಾರದು. ಆದರೆ ಹಳೆಯ ಪೇಟೆಬೀದಿಗಳಲ್ಲಿ ಕಾಣುವುದೇನು? ಒಂದೆಡೆ ಟ್ರಾನ್ಸ್‌ಫಾರ್ಮರ್, ಬಾಯ್ದೆರೆದ ಚರಂಡಿ, ಅಗೆದು ಬಿಟ್ಟ ಗುಂಡಿ. ಇನ್ನೊಂದೆಡೆ ಮಳಿಗೆಯ ಮೆಟ್ಟಿಲು, ನಾಮಫಲಕ, ಸರಕಿನ ಮೂಟೆ, ಸಾಲು ನಿಂತ ದ್ವಿಚಕ್ರ ವಾಹನಗಳು. ಮೊದಲನೆಯವು ನಗರಾಡಳಿತದ ಲೋಪ. ಉಳಿದವುಗಳಲ್ಲಿ ವರ್ತಕರ ಪಾಲೂ ಇದೆ. ದೋಷವನ್ನೆಲ್ಲ ಬೀದಿಬದಿ ವ್ಯಾಪಾರಿಗಳ ತಲೆಗೆ ಕಟ್ಟುವುದೂ ಸಲ್ಲದು. ಅವರಿಗೆ ವ್ಯಾಪಾರ ವಲಯ ಗುರುತಿಸಲು 2014ರ ಕಾಯ್ದೆಯೇ ವ್ಯವಸ್ಥೆ ಮಾಡಿದೆ.

ವಾಹನ ನಿಲುಗಡೆ ಕಡಿಮೆಯಾದರೆ ವ್ಯಾಪಾರ ಕುಸಿಯುವುದೆಂಬ ಭಯ ಸಹಜ. ಆದರೆ ಇಂಗ್ಲೆಂಡಿನ ಬ್ರಿಸ್ಟಲ್ ನಗರದಲ್ಲಿ 2006ರಲ್ಲಿ ನಡೆದ ಸಮೀಕ್ಷೆಯಲ್ಲಿ, ಶೇಕಡ 41ರಷ್ಟು ಗ್ರಾಹಕರು ಕಾರಿನಲ್ಲಿ ಬರುತ್ತಾರೆಂದು ಅಂಗಡಿಕಾರರು ಭಾವಿಸಿದ್ದರು. ವಾಸ್ತವದಲ್ಲಿ ಹಾಗೆ ಬಂದವರು ಶೇಕಡ 22 ಮಾತ್ರ. ನಮ್ಮ ಪೇಟೆಗಳ ಸ್ಥಿತಿ ಭಿನ್ನವಿರಬಹುದು. ಆದುದರಿಂದಲೇ ಊಹೆಯನ್ನು ಬಿಟ್ಟು ಎಣಿಸಿ ನೋಡಬೇಕು. ದಾಸ್ತಾನನ್ನು ವರ್ಷಕ್ಕೊಮ್ಮೆಯಾದರೂ ಎಣಿಸುವ ವರ್ತಕನು ತನ್ನ ಬಾಗಿಲಿಗೆ ಜನ ಹೇಗೆ ಬರುತ್ತಾರೆಂಬುದನ್ನು ಒಂದು ದಿನ ಎಣಿಸಲಾರನೇ?

ಈ ನಿಟ್ಟಿನಲ್ಲಿ ಪ್ರತಿಯೊಂದು ಬೀದಿಯ ವರ್ತಕರ ಸಂಘವೂ ಪಾದಚಾರಿ ಸುರಕ್ಷತೆಯ ಲೆಕ್ಕಪರಿಶೋಧನೆ ಕೈಗೊಳ್ಳುವುದು ಸೂಕ್ತ. ಇದಕ್ಕೆ ಬೇಕಾದುದು ಒಂದು ಅಳತೆಪಟ್ಟಿ, ಒಂದು ಗಡಿಯಾರ ಹಾಗೂ ಕ್ಯಾಮೆರಾ. ತಂಡದಲ್ಲಿ ಒಬ್ಬ ಹಿರಿಯ ನಾಗರಿಕರೂ ಗಾಲಿಕುರ್ಚಿ ಬಳಸುವವರೊಬ್ಬರೂ ಇರಲಿ. ಹಗಲೊಮ್ಮೆ, ದೀಪ ಹತ್ತಿದ ಮೇಲೊಮ್ಮೆ ಬೀದಿಯುದ್ದಕ್ಕೂ ನಡೆದು, ಅಗಲ, ಅಡೆತಡೆ, ಬೆಳಕು, ರಸ್ತೆ ದಾಟುವ ಸ್ಥಳಗಳನ್ನು ದಾಖಲಿಸಬೇಕು. ಸಿಗ್ನಲ್ಲಿನ ಸಮಯವನ್ನೂ ಪರೀಕ್ಷಿಸಬೇಕು. ಸೆಕೆಂಡಿಗೆ 1.2 ಮೀಟರ್ ನಡೆಯುವವರು 18 ಮೀಟರ್ ಅಗಲದ ರಸ್ತೆಯನ್ನು 15 ಸೆಕೆಂಡಿನಲ್ಲಿ ದಾಟಿಯಾರು; 0.8 ಮೀಟರ್ ನಡೆಯುವ ವೃದ್ಧರಿಗೆ 22 ಸೆಕೆಂಡಿಗೂ ಹೆಚ್ಚು ಬೇಕು. ಹಸಿರು ದೀಪ 15 ಸೆಕೆಂಡಿಗೆ ಆರಿದರೆ ಅವರು ನಡುರಸ್ತೆಯಲ್ಲಿ ನಿಲ್ಲಬೇಕಾಗುತ್ತದೆ.

ವರದಿಯಲ್ಲಿ ಎರಡು ಪಟ್ಟಿಗಳಿರಲಿ. ಮೊದಲನೆಯದು ವರ್ತಕರೇ ಸರಿಪಡಿಸಬೇಕಾದವು: ಫಲಕ ತೆಗೆಯುವುದು, ಮೂಟೆ ಒಳಗಿಡುವುದು, ಸರಕು ಇಳಿಸಲು ವೇಳೆ ಗೊತ್ತುಪಡಿಸುವುದು. ಇವುಗಳಿಗೆ ತಗಲುವ ವೆಚ್ಚ ಅತ್ಯಲ್ಪ. ಎರಡನೆಯದು ನಗರಾಡಳಿತಕ್ಕೆ ಸಂಬಂಧಿಸಿದವು. ಅದನ್ನು ಛಾಯಾಚಿತ್ರಗಳೊಂದಿಗೆ ಸಲ್ಲಿಸಿ ಸ್ವೀಕೃತಿ ಪಡೆಯಬೇಕು. ರಸ್ತೆಯ ವಿನ್ಯಾಸ ಹಾಗೂ ನಿರ್ವಹಣೆಯಲ್ಲಿ ನಿಗದಿತ ಸುರಕ್ಷತಾ ಮಾನದಂಡ ಪಾಲಿಸದೆ ಸಾವು ಅಥವಾ ಅಂಗವೈಕಲ್ಯ ಸಂಭವಿಸಿದರೆ, ಹೊಣೆಗಾರ ಪ್ರಾಧಿಕಾರಕ್ಕೆ ಅಥವಾ ಗುತ್ತಿಗೆದಾರರಿಗೆ ಒಂದು ಲಕ್ಷ ರೂಪಾಯಿವರೆಗೆ ದಂಡ ವಿಧಿಸಲು 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 198ಎ ಕಲಂ ಅವಕಾಶ ನೀಡುತ್ತದೆ. ಬಾಯಿಮಾತಿನ ದೂರಿಗಿಂತ ದಿನಾಂಕವುಳ್ಳ ದಾಖಲೆಗೆ ತೂಕ ಹೆಚ್ಚೆಂಬುದನ್ನು ವ್ಯಾಪಾರಸ್ಥರಿಗೆ ಬೇರೆ ಹೇಳಬೇಕಾಗಿಲ್ಲ.

ಮೊದಲ ಪಟ್ಟಿಯನ್ನು ತಾವೇ ಪೂರೈಸಿದ ವರ್ತಕರಿಗೆ ಮಾತ್ರ ಎರಡನೆಯದನ್ನು ದಿಟ್ಟವಾಗಿ ಕೇಳುವ ನೈತಿಕ ಬಲವಿರುತ್ತದೆ. ಆ ಕೆಲಸಕ್ಕೆ ಯಾರ ಅನುಮತಿಯೂ ಬೇಕಿಲ್ಲ. ನಾಳೆ ಬೆಳಿಗ್ಗೆ ಅಂಗಡಿ ತೆರೆಯುವಾಗಲೇ ಆರಂಭಿಸಬಹುದು.