ಬೆಟ್ಟಕ್ಕೆ ಊರಿನ ಗಡಿ ಗೊತ್ತಿಲ್ಲ

ಹದಿಮೂರು ಗ್ರಾಮಾಡಳಿತಗಳು ತಮ್ಮ ಲೆಕ್ಕಪುಸ್ತಕಗಳನ್ನು ಮುಚ್ಚಿ ಒಂದಾಗಿಬಿಟ್ಟರೆ ಆ ಊರುಗಳ ಗತಿಯೇನು? ಸ್ವಿಟ್ಜರ್ಲೆಂಡಿನ ಗ್ಲಾರುಸ್ ಪ್ರಾಂತದಲ್ಲಿ ಇಂಥದ್ದೊಂದು ಪ್ರಯೋಗ ನಡೆದಿದೆ. 2011ರ ಜನವರಿ 1ರಂದು ಅಲ್ಲಿ ಹುಟ್ಟಿದ 'ದಕ್ಷಿಣ ಗ್ಲಾರುಸ್' ಎಂಬ ಗ್ರಾಮಾಡಳಿತದ ವಿಸ್ತೀರ್ಣ ಸುಮಾರು 430 ಚದರ ಕಿಲೋಮೀಟರ್. ಜನಸಂಖ್ಯೆ ಮಾತ್ರ ಹತ್ತು ಸಾವಿರವೂ ಇಲ್ಲ!

ಇದರಲ್ಲಿ ಸೇರಿದ ಊರುಗಳಲ್ಲಿ ಎಲ್ಮ್ ಒಂದು. ಹಿಂದಿನ ತಲೆಮಾರಿನವರು ಅಕ್ಷರ ತಿದ್ದಿದ ಸ್ಲೇಟು ನೆನಪಿದೆಯಲ್ಲವೇ? ಅದು ನುಣುಪಾದ ಕೆಸರು ಪದರಪದರವಾಗಿ ಕೂತು, ಭೂಮಿಯ ಒತ್ತಡಕ್ಕೆ ಸಿಕ್ಕಿ ಕಲ್ಲಾದದ್ದು. ಆದ್ದರಿಂದಲೇ ತೆಳುವಾದ ಹಲಗೆಯಂತೆ ಸೀಳಿ ಬರುತ್ತದೆ. ಯೂರೋಪಿನಲ್ಲಿ ಶಾಲೆಗಳು ಹೆಚ್ಚಿದಂತೆ ಸ್ಲೇಟಿಗೆ ಬೇಡಿಕೆಯೂ ಹೆಚ್ಚಿತು. ಎಲ್ಮ್‌ನ ಬಡ ರೈತರು 1868ರಿಂದ ಊರಿನ ಮೇಲಿನ ಬೆಟ್ಟದ ಬುಡವನ್ನು ಅಗೆದರು. ಮೇಲಿನ ಬಂಡೆಯನ್ನು ಹೊರಲು ಕಲ್ಲಿನ ಕಂಬಗಳನ್ನೂ ಉಳಿಸಲಿಲ್ಲ. ಬುಡದಲ್ಲಿ ಸುಮಾರು 180 ಮೀಟರ್ ಉದ್ದದ ಪೊಳ್ಳು ಬಿದ್ದಿತು.

1881ರ ಬೇಸಿಗೆಯ ಕೊನೆಗೆ ಮಳೆ ಜೋರಾಗಿ, ಬೆಟ್ಟದ ನೆತ್ತಿಯಲ್ಲಿ ಬಿರುಕು ಅಗಲವಾಯಿತು. ಸೆಪ್ಟೆಂಬರ್ 10ರಂದು ಪರೀಕ್ಷಿಸಲು ಬಂದವರು ತಕ್ಷಣದ ಅಪಾಯವಿಲ್ಲ ಎಂದುಕೊಂಡರು. ಮರುದಿನ ಸಂಜೆಯೇ ಬೆಟ್ಟ ಕುಸಿಯಿತು. ಮೊದಲ ಕುಸಿತವಾದಾಗ ಕೆಲವರು ನೆರವಿಗೆ ಓಡಿಬಂದರು. ಕೆಲವೇ ನಿಮಿಷಗಳಲ್ಲಿ ಮತ್ತೆರಡು ಕುಸಿತಗಳು ಅವರನ್ನೂ ನುಂಗಿದವು. ಸುಮಾರು ಒಂದು ಕೋಟಿ ಘನ ಮೀಟರ್ ಕಲ್ಲು ಪ್ರವಾಹದಂತೆ ಕಣಿವೆಯುದ್ದಕ್ಕೂ ಹರಿಯಿತು. 115 ಮಂದಿ ಸತ್ತರು. ಭೂವಿಜ್ಞಾನಿ ಆಲ್ಬರ್ಟ್ ಹೈಮ್ ಇದನ್ನು ಅಧ್ಯಯನ ಮಾಡಿ, ಒಡೆದ ಬಂಡೆ ದ್ರವದಂತೆ ಹರಿಯಬಲ್ಲದೆಂದು ವಿವರಿಸಿದರು.

ಇಂಥ ಕಣಿವೆಯಲ್ಲಿ ರಸ್ತೆ, ತಡೆಗೋಡೆ, ಶಾಲೆ ಎಲ್ಲವೂ ದುಬಾರಿ. ಕೆಲವೇ ನೂರು ಜನರ ಊರು ಎಷ್ಟು ಹೊರಬಲ್ಲದು? ಹಳ್ಳಿಗಳಲ್ಲಿ ಅಧಿಕಾರ ವಹಿಸಿಕೊಳ್ಳುವವರೂ ಕಡಿಮೆಯಾದರು. ಗ್ಲಾರುಸ್‌ನಲ್ಲಿ ಇಂಥ ಪ್ರಶ್ನೆಗಳು ತೀರ್ಮಾನವಾಗುವುದು ಬಯಲಲ್ಲಿ ಸೇರುವ ಜನಸಭೆಯಲ್ಲಿ, ಕೈ ಎತ್ತುವ ಮೂಲಕ. 2006ರ ಮೇ ತಿಂಗಳ ಸಭೆಯ ಮುಂದೆ ಸರ್ಕಾರ ಇಟ್ಟದ್ದು 25 ಗ್ರಾಮಾಡಳಿತಗಳನ್ನು ಹತ್ತಕ್ಕೆ ಇಳಿಸುವ ಪ್ರಸ್ತಾಪ. ಆದರೆ ನಾಗರಿಕರೊಬ್ಬರು 'ಮೂರೇ ಸಾಕು' ಎಂದರು. ಸಭೆ ಅದಕ್ಕೇ ಒಪ್ಪಿತು! ಊರಿನ ಸ್ವಂತಿಕೆ ಹೋಗುತ್ತದೆಂದು ವಿರೋಧ ಎದ್ದಿತು. 2007ರ ನವೆಂಬರಿನಲ್ಲಿ ವಿಶೇಷ ಸಭೆ ಸೇರಿ ಮತ್ತೆ ಕೈ ಎತ್ತಿಸಿದರೂ ತೀರ್ಮಾನ ಬದಲಾಗಲಿಲ್ಲ. ಅದೇ ವರ್ಷ ಈ ಪ್ರಾಂತ ಮತದಾನದ ವಯಸ್ಸನ್ನು 18ರಿಂದ 16ಕ್ಕೆ ಇಳಿಸಿತೆಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು.

ವಿರೋಧಿಸಿದವರ ಅಳಲು ಸುಳ್ಳಲ್ಲ. ತನ್ನ ಊರಿನ ವಿಷಯವನ್ನು ತನ್ನ ಊರಿನಲ್ಲೇ ತೀರ್ಮಾನಿಸುವ ಹಕ್ಕು ಸಣ್ಣದಲ್ಲ. ಆದರೆ ಊರಿನ ಹೆಸರು ಬೇರೆ, ಆಡಳಿತದ ಗಡಿ ಬೇರೆ. ಎಲ್ಮ್ ಇಂದಿಗೂ ಎಲ್ಮ್ ಆಗಿಯೇ ಉಳಿದಿದೆ. ಬೆಟ್ಟದಲ್ಲಿರುವ 'ಮಾರ್ಟಿನ್ ಕಿಂಡಿ'ಯಿಂದ ವಸಂತದಲ್ಲೂ ಶರತ್ಕಾಲದಲ್ಲೂ ಕೆಲವು ಬೆಳಗು ಸೂರ್ಯನ ಕಿರಣ ಇಂದಿಗೂ ಆ ಊರಿನ ಚರ್ಚಿನ ಮೇಲೆಯೇ ಬೀಳುತ್ತದೆ.

ಒಂದಾದ ಮಾತ್ರಕ್ಕೆ ಬೆಟ್ಟ ಸುಮ್ಮನಿರಲಿಲ್ಲ. 2023ರ ಆಗಸ್ಟ್‌ನಲ್ಲಿ ಇದೇ ಗ್ರಾಮಾಡಳಿತದ ಶ್ವಾಂಡೆನ್ ಊರಿನ ಮೇಲೆ ಗುಡ್ಡ ಜರಿದು ಮನೆಗಳು ಹೋದವು, ಅನೇಕರು ನೆಲೆ ಕಳೆದುಕೊಂಡರು. ಆದರೆ ಈಗ ಗುಡ್ಡ ಕಾಯುವ ಹೊಣೆ ಒಂದೇ ಊರಿನ ಹೆಗಲ ಮೇಲಿಲ್ಲ. ಕಣಿವೆಯ ಊರುಗಳೆಲ್ಲ ಅದನ್ನು ಹಂಚಿಕೊಂಡಿವೆ. ಒಗ್ಗೂಡಿದ್ದರ ಅರ್ಥ ಇಷ್ಟೇ: ಹೆಸರು ಅವರವರದು, ಹೊರೆ ಎಲ್ಲರದು.